ಕೆಂಪು ವೈರಿನ ಗಂಟು

ಫೋನಿನ ಸದ್ದನ್ನು ಪೂರ್ತಿ ಇಳಿಸಿ, ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ನಾನು ಗಿರಾಕಿ ಸುಂದ್ರವ್ವನ ಇಸ್ತ್ರಿಪೆಟ್ಟಿಗೆಯ ಕೆಟ್ಟ ಪ್ಲಗ್ಗನ್ನು ಬಿಚ್ಚುತ್ತ ಕೂತಿದ್ದೆ. ಅಂದು ಶುಕ್ರವಾರ. ಅಬ್ಬಾ ಜುಮ್ಮಾ ನಮಾಜಿಗೆ ಹೊರಡುವ ಮೊದಲು ಮೂಲೆಯ ಬಚ್ಚಲ ಮೋರಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಅಮ್ಮಿ ನನಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು.

ಫೋನಿನೊಳಗಿನ ಮನುಷ್ಯ ಬಿಳಿ ಮೇಜಿನ ಮೇಲೆ, ನೀಲಿ ಕೈಗವಸು ತೊಟ್ಟು, ಮೂರು ಪಿನ್ನಿನ ಪ್ಲಗ್ಗಿಗೆ ವೈರು ಜೋಡಿಸುತ್ತಿದ್ದ. ಅವನ ಬಾಯಿ ಆಡುತ್ತಲೇ ಇತ್ತು. ಏನು ಹೇಳುತ್ತಾನೆಂದು ನನಗೆ ಬೇಕಿರಲಿಲ್ಲ, ಬೆರಳುಗಳು ಎಲ್ಲಿ ಹೋಗುತ್ತವೆಂದು ನೋಡಿದರೆ ಸಾಕಿತ್ತು. ಅವನು ಮೊದಲು ವೈರುಗಳ ಹಳೆಯ ತುದಿಗಳನ್ನು ಕತ್ತರಿಸಿ ಬಿಸಾಡಿದ. ನನ್ನ ಕೈಯಲ್ಲಿದ್ದ ಕೇಬಲ್ಲಿನ ಬಟ್ಟೆಯ ಹೊದಿಕೆಯೊಳಗೆ ಕೆಂಪು, ಕಪ್ಪು, ಹಳದಿ ಮೂರು ವೈರುಗಳಿದ್ದವು. ಕೆಂಪಿನ ತುದಿಯ ಹತ್ತಿರ ಒಂದು ಸಣ್ಣ ಗಂಟು ಇತ್ತು. ನಾನು ಅದನ್ನು ನೋಡಿದೆ. ಆಮೇಲೆ ಇಕ್ಕಳದಿಂದ ಮೂರೂ ತುದಿಗಳನ್ನು ಕತ್ತರಿಸಿದೆ. ತುಂಡುಗಳು ಹಳೆ ವೈರಿನ ಡಬ್ಬಿಯೊಳಗೆ ಬಿದ್ದವು. ಆ ಮನುಷ್ಯ ಕೆಂಪು ವೈರನ್ನು ಎಲ್ ಎಂದು ಬರೆದ, ಕರೆಂಟು ಬರುವ ಪಿನ್ನಿಗೆ ಹಾಕಿದ. ನಾನೂ ಹಾಕಿದೆ.

ಅಬ್ಬಾ ಹೊರಬಂದಾಗ ಫೋನು ನನ್ನ ಓಢಣಿಯ ಕೆಳಗಿತ್ತು.

"ಆತೇನು?"

"ಆತ್ರಿ."

ಅವರು ಪ್ಲಗ್ಗನ್ನು ಕೈಗೆ ತಗೊಂಡು ವೈರನ್ನು ಎರಡು ಸಲ ಜಗ್ಗಿದರು. ಸ್ಕ್ರೂಗಳ ಮೇಲೆ ಹೆಬ್ಬೆರಳು ಆಡಿಸಿದರು. "ಶಾಣ್ಯಾಕಿ. ಟೆಸ್ಟಿನ ಬಲ್ಬ್ ಹಚ್ಚಿ ನೋಡು."

"ಲೈಟ್ ಇಲ್ಲ ಅಬ್ಬಾ. ಮೀಟರ್ ರೂಮಿನಾಗ ಕೆಲಸ ನಡದದ."

"ಹಂಗಾರ ನಾ ಬಂದ ಮ್ಯಾಲ ನೋಡೋಣ. ಅಲ್ಲೀತನಕ ಕೊಡಬ್ಯಾಡ."

ನಮ್ಮದು ಭಾಂಡುಪಿನ ಗುಡ್ಡದ ಕಡೆಯ ಚಾಳು, ಒಂದೊಂದು ಕೋಣೆಯ ಸಾಲುಮನೆಗಳು. ಮೆಟ್ಟಿಲಿನ ಕೆಳಗೆ ಅಬ್ಬಾನ ತಗಡಿನ ಅಂಗಡಿ. ಮೇಲೆ ಬಡೇಸಾಬ ರಿಪೇರಿ ಎಂದು ಅವರೇ ಬರೆದ ಬೋರ್ಡು. ಮಿಕ್ಸರ್, ಫ್ಯಾನು, ಇಸ್ತ್ರಿ, ಹಳೆ ರೇಡಿಯೋ. ವಿಜಾಪುರದಲ್ಲಿ ಹದಿನಾಲ್ಕು ವರ್ಷ ಒಬ್ಬ ಉಸ್ತಾದರ ಕೈಕೆಳಗೆ ಕಲಿತು ಬಂದವರು. ಅವರ ಕಣ್ಣು ಸಕ್ಕರೆ ಕಾಯಿಲೆಯಿಂದ ಮಸುಕಾಗಿ ಎರಡು ವರ್ಷವಾಗಿತ್ತು. ಇದು ಮನೆಯ ನಾಲ್ವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗಿರಾಕಿಗಳಿಗೆ ಅವರು, "ಬಿಟ್ಟು ಹೋಗ್ರಿ, ಊಟ ಆದ ಮ್ಯಾಲ ಮಾಡಿಡ್ತೀನಿ" ಎನ್ನುತ್ತಿದ್ದರು. ಸಾಮಾನು ಚೀಲದಲ್ಲಿ ಮನೆಗೆ ಬರುತ್ತಿತ್ತು. ಮಾಡುವವಳು ನಾನು. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯದು ಮುಗಿಸಿ ಮನೆಯಲ್ಲೇ ಉಳಿದವಳು. ಬೇರೆ ಕೆಲಸವಾದರೂ ಏನಿತ್ತು.

ಮೊದಲ ಕೆಲವು ದಿನ ಅಬ್ಬಾ ಬಾಯಿಂದ ಹೇಳುತ್ತಿದ್ದರು, ನಾನು ಕೈಯಿಂದ ಮಾಡುತ್ತಿದ್ದೆ. ಅವರು ಹೇಳುವುದು ಅರ್ಧ ತಿಳಿಯುತ್ತಿರಲಿಲ್ಲ. ಎರಡನೇ ಸಲ ಕೇಳಲು ನನಗೆ ನಾಚಿಕೆ. ಹಾಗಾಗಿ ನನ್ನ ಅಣ್ಣ ಯೂನುಸ ಭಾಯಿ ಕೊಟ್ಟ ಹಳೆಯ ಫೋನಿನಲ್ಲಿ ನೋಡಿಕೊಳ್ಳತೊಡಗಿದೆ. ಮಿಕ್ಸರ್ ಎಂದರೆ ಮಿಕ್ಸರ್, ಫ್ಯಾನ್ ಎಂದರೆ ಫ್ಯಾನ್, ಅದರಲ್ಲಿ ಎಲ್ಲ ಸಿಗುತ್ತಿತ್ತು. ಅಮ್ಮಿಗೆ ಗೊತ್ತಿತ್ತು.

ಅಬ್ಬಾಗೆ ಹೇಳುವಂತಿರಲಿಲ್ಲ. ಫೋನಿನ ಮೇಲೆ ಅವರಿಗಿದ್ದ ಸಿಟ್ಟು ಇಡೀ ಚಾಳಿಗೆ ಗೊತ್ತು. ಯೂನುಸ ಭಾಯಿ ಮುಲುಂಡ್ ಸ್ಟೇಶನ್ನಿನ ಹೊರಗೆ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನು ಊಟಕ್ಕೆ ಕೂತನೆಂದರೆ ಅಬ್ಬಾನ ಭಾಷಣ ಶುರುವಾಗುತ್ತಿತ್ತು.

"ಬಿಚ್ಚಾಕ ಬರಲಾರದ ಸಾಮಾನು ನಿಂದಲ್ಲೋ. ಅದು ಬಾಡಿಗಿ. ಸ್ಕ್ರೂ ಇಲ್ಲ, ಬರೇ ಗೋಂದು. ಗೋಂದು ಹಚ್ಚಿ ಮಾರಾಂವ ಏನೋ ಮುಚ್ಚಿಟ್ಟಾನ ಅಂತ ತಿಳಕೋ."

"ಅಬ್ಬಾ, ವಾಟರ್‌ಪ್ರೂಫ್ ಕೇ ಲಿಯೇ ಹೋತಾ ಹೈ ವೋ," ಎಂದು ಭಾಯಿ ರೊಟ್ಟಿ ಮುರಿಯುತ್ತಿದ್ದ. ಅವನಿಗೆ ಕನ್ನಡ ಬರುತ್ತದೆ, ಆದರೆ ಜಗಳಕ್ಕೆ ಹಿಂದಿಯೇ ಬೇಕು.

"ನೀರಿನಾಗ ಕುಂತು ಮಾತಾಡ್ತೀರೇನು ನೀವು? ಮತ್ತ ಆ ಅಪ್‌ಡೇಟು. ನಾ ಒಬ್ಬರ ಮಿಕ್ಸರ್ ರಿಪೇರಿ ಮಾಡಿ ಕೊಟ್ಟು, ಮರುದಿನ ಕೇಳದನ ಅವರ ಅಡಿಗಿಮನಿ ಹೊಕ್ಕು ಬಟನ್ ಬದಲ ಮಾಡಿದ್ರ ಸುಮ್ಮ ಬಿಡ್ತಾರ? ಪೊಲೀಸರಿಗೆ ಕೊಡ್ತಾರ. ಇವರು ದಿನಾ ಮಾಡ್ತಾರ, ನೀವು ಥ್ಯಾಂಕ್ಯೂ ಅಂತೀರಿ."

"ಸಾರು ಆರತೈತಿ, ಉಣ್ರಿ," ಎನ್ನುತ್ತಿದ್ದಳು ಅಮ್ಮಿ.

"ಉಣ್ತೀನಿ ರಶೀದಾ. ನಿನ್ನ ಮಗಾ ಕೇಳಲಿ. ಅವನ ಫೋನಿಗೆ ಹತ್ತು ವರ್ಷದಾಗ ಬರಲಾರದ್ದು ನನ್ನ ಮಗಳ ಕೈಗೆ ಎರಡು ವರ್ಷದಾಗ ಬಂದದ. ಕೈ ಕಲೀಬೇಕು. ಕಣ್ಣಿಲೆ ನೋಡಿ ಕಲತದ್ದು ಕಣ್ಣಿನಾಗ ಇರ್ತದ."

ಆಗ ಭಾಯಿ ನನ್ನ ಕಡೆ ನೋಡುತ್ತಿದ್ದ. ನಾನು ನೀರಿನ ತಂಬಿಗೆ ತುಂಬಿಸಲು ಏಳುತ್ತಿದ್ದೆ.

ವೈರಿನ ಬಗ್ಗೆ ಅಬ್ಬಾನ ನಿಯಮ ಬೇರೆಯೇ ಇತ್ತು. ಅವರು ಹೊಸ ವೈರು ಕೊಳ್ಳುತ್ತಿದ್ದುದು ಕಡಿಮೆ. ಕೆಟ್ಟ ಸಾಮಾನಿನಿಂದ ತೆಗೆದ ವೈರನ್ನೇ ಡಬ್ಬಿಯಲ್ಲಿಟ್ಟು ಬಳಸುತ್ತಿದ್ದರು. ಸಿಕ್ಕಿದ ಬಣ್ಣ ಸಿಕ್ಕಿದಲ್ಲಿ. ಆದರೆ ಅರ್ಥಿಂಗಿಗೆ, ಅಂದರೆ ಸಾಮಾನಿನ ಲೋಹದ ಮೈಯನ್ನು ನೆಲಕ್ಕೆ ಸೇರಿಸುವ ವೈರಿಗೆ, ಒಂದು ಗಂಟು ಹಾಕುತ್ತಿದ್ದರು. "ಬಣ್ಣ ಕಂಪನಿಯವರದು, ಗಂಟು ನಮ್ದು" ಎಂದು ಉಸ್ತಾದರು ಹೇಳಿಕೊಟ್ಟಿದ್ದರಂತೆ. ಕತ್ತಲೆಯಲ್ಲೂ ಬೆರಳಿಗೆ ಸಿಗಬೇಕು ಎಂದು. ನನಗೂ ಇದನ್ನು ಹೇಳಿಕೊಟ್ಟಿದ್ದರು, ಎಲ್ಲಕ್ಕಿಂತ ಮೊದಲು. ಸುಂದ್ರವ್ವನ ಪೆಟ್ಟಿಗೆಯ ವೈರನ್ನೂ ಹಿಂದೆ ಅವರೇ ಹಾಕಿದ್ದರು. ಅಂದು ಗಂಟು ಕಂಡಾಗ ನನಗೆ ನೆನಪಾಗಲಿಲ್ಲ ಎಂದಲ್ಲ. ಫೋನಿನ ಮನುಷ್ಯನ ಮೇಜು ಬೆಳ್ಳಗಿತ್ತು. ಅವನ ಕೆಂಪು ವೈರಿನಲ್ಲಿ ಗಂಟು ಇರಲಿಲ್ಲ. ಅವನಿಗೆ ಹೆಚ್ಚು ಗೊತ್ತು ಎಂದುಕೊಂಡೆ.

ಅಬ್ಬಾ ನಮಾಜಿಗೆ ಹೋಗಿ ಅರ್ಧ ತಾಸಿಗೆ ಸುಂದ್ರವ್ವ ಬಂದಳು. ಅವಳದು ಇಂಡಿ ತಾಲೂಕು, ನಮ್ಮ ಕಡೆಯವಳೇ. ಎದುರಿನ ಚಾಳಿನಲ್ಲಿ ಇಸ್ತ್ರಿ ಮಾಡುತ್ತಾಳೆ. ಆ ಚಾಳಿನ ಮೀಟರು ಬೇರೆ, ಅಲ್ಲಿ ಲೈಟು ಇತ್ತು.

"ಅಂಜುಮ, ನನ್ನ ಪೆಟಿಗಿ ಆಗೇತೇನವ್ವ?"

"ಆಗೇತಿ. ಆದ್ರ ಅಬ್ಬಾ ಬಂದು ನೋಡಬೇಕ್ರಿ."

"ನೋಡೂದೇನೈತಿ. ಮದಿವಿ ಮನಿ ಬಟ್ಟಿ-ಅರಬಿ ಅದಾವ, ನಾಕಕ್ಕ ಕೊಡಬೇಕು. ನಿಮ್ಮಪ್ಪನ ಕೈ ಎಂದಾರ ಸುಳ್ಳಾಗೇತೇನು?"

ಆ ಮಾತಿಗೆ ನಾನು ಉಬ್ಬಿದೆ. ಪೆಟ್ಟಿಗೆ ಎತ್ತಿ ಕೊಟ್ಟೆ.

ಅವಳು ಅದನ್ನು ಹಚ್ಚಿದಾಗ ಅದು ಕಾಯಲಿಲ್ಲ. ಬಟ್ಟೆಗೆ ನೀರು ಚಿಮುಕಿಸಿದ ಒದ್ದೆ ಬೆರಳನ್ನು ಅದರ ತಳಕ್ಕೆ ಮುಟ್ಟಿಸಿ ನೋಡಿದಳು. ಇಸ್ತ್ರಿ ಮಾಡುವವರೆಲ್ಲ ಹಾಗೇ ನೋಡುತ್ತಾರೆ. ಅರ್ಥಿಂಗಿನದಾಗಿದ್ದ ಆ ಕೆಂಪು ವೈರಿನಿಂದ ಕರೆಂಟು ನೇರ ಪೆಟ್ಟಿಗೆಯ ಮೈಗೆ ಬಂದಿತ್ತು. ಅವಳು ಹಿಂದಕ್ಕೆ ಎಸೆದಂತೆ ಬಿದ್ದಳು. ಬಲಗೈ ಗೋಡೆಯ ಕಲ್ಲಿಗೆ ಬಡಿದು ಮಣಿಕಟ್ಟು ಮುರಿಯಿತು. ಜೀವಕ್ಕೆ ಏನೂ ಆಗಲಿಲ್ಲ. ಪಕ್ಕದವರು ಆಸ್ಪತ್ರೆಗೆ ಒಯ್ದು ಪ್ಲಾಸ್ಟರ್ ಹಾಕಿಸಿದರು.

ಸಂಜೆ ಅವಳ ಮಗ ಸಂತು ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ. ರಿಕ್ಷಾ ಓಡಿಸುವವನು, ಖಾಕಿ ಅಂಗಿಯಲ್ಲೇ ಇದ್ದ. ಅವನ ಹಿಂದೆ ಚಾಳಿನ ಆರೇಳು ಜನ.

"ಚಾಚಾ, ಇದನ್ನ ಮಾಡ್ದವರು ಯಾರು?"

ಅಬ್ಬಾ ನನ್ನ ಕಡೆ ತಿರುಗಲೂ ಇಲ್ಲ. "ನಾನು."

"ಇಪ್ಪತ್ತು ವರ್ಸ ನಿಮ್ಮ ಹತ್ರಾನ ಹಾಕೇವಿ. ಅವ್ವ ಸತ್ತಿದ್ರ?"

"ತಪ್ಪು ನಂದು."

"ಹುಡುಗಿ ಕೊಟ್ಲಂತ, ನೀವು ಇರಲಿಲ್ಲಂತ."

"ಆಕಿ ಕೊಟ್ಲು ಅಷ್ಟ. ಮಾಡ್ದಾಂವ ನಾನು. ದವಾಖಾನಿದು ಎಲ್ಲಾ ನಾ ನೋಡಕೋತೀನಿ. ನನ್ನ ಬೈ, ಬ್ಯಾರೇದವರನ್ನ ಅನಬ್ಯಾಡ."

ಸಂತು ಬೈಯಲಿಲ್ಲ. ಅಬ್ಬಾನ ಕನ್ನಡಕ, ಅದರ ಹಿಂದಿನ ಕಣ್ಣು ನೋಡಿದ. "ಕಣ್ಣು ಕಾಣದಿದ್ರ ಅಂಗಡಿ ಬಂದ್ ಮಾಡಬೇಕ್ರಿ ಚಾಚಾ," ಎಂದು ಮೆಲ್ಲಗೆ ಹೇಳಿ ಪೆಟ್ಟಿಗೆ ಹೊಸ್ತಿಲ ಮೇಲೆ ಇಟ್ಟು ಹೋದ. ಹಿಂದಿದ್ದವರೆಲ್ಲ ಕೇಳಿಸಿಕೊಂಡರು.

ಅಬ್ಬಾ ಕೂತು ಪ್ಲಗ್ಗು ಬಿಚ್ಚಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಒಂದೊಂದೇ ವೈರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಉಜ್ಜಿದರು. ಮತ್ತೊಮ್ಮೆ ಉಜ್ಜಿದರು.

"ಅಂಜು, ಇಲ್ಲಿ ಬಾ. ನೀ ಬಿಚ್ಚಿದಾಗ ಯಾವುದಕ್ಕಾರ ಗಂಟು ಇತ್ತೇನು?"

"ಇರಲಿಲ್ಲರಿ."

"ನೆನಪ ಮಾಡಕೋ."

"ಇರಲಿಲ್ಲ ಅಬ್ಬಾ."

ಅವರು ಆ ವೈರನ್ನು ಕೆಳಗಿಟ್ಟರು. "ಹಂಗಾರ ನಾನ ಹಾಕಿಲ್ಲ," ಎಂದರು. "ಗಂಟು ಹಾಕೂದನ್ನ ಮರತೀನಿ. ನಿಂದೇನು ತಪ್ಪಿಲ್ಲ ಬಿಡು. ಗಂಟು ಇಲ್ಲಂದ್ರ ನೀ ಕೆಂಪನ್ನ ಅಲ್ಲೇ ಹಾಕ್ತಿ, ಯಾರಾದ್ರೂ ಅಲ್ಲೇ ಹಾಕ್ತಾರ."

ಅಂದಿನಿಂದ ನಮ್ಮ ಮನೆಯಲ್ಲಿ ಸದ್ದು ಕಡಿಮೆಯಾಯಿತು.

ಮೊದಲ ವಾರ ಮೂರು ಜನ ಬಂದು ಬಿಟ್ಟಿದ್ದ ಸಾಮಾನು ವಾಪಸ್ ಒಯ್ದರು. ಒಬ್ಬಳು ಬಿಚ್ಚಿಟ್ಟ ಮಿಕ್ಸರನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅಬ್ಬಾ ಸ್ಕ್ರೂಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಯಾರೂ ಜೋರಾಗಿ ಏನೂ ಅನ್ನಲಿಲ್ಲ. "ವಯಸ್ಸಾತು, ಇನ್ನ ಆರಾಮ ಮಾಡ್ರಿ" ಎನ್ನುತ್ತಿದ್ದರು.

ಅಮ್ಮಿ ನನ್ನನ್ನು ದಿನಾ ಸುಂದ್ರವ್ವನ ಮನೆಗೆ ಕಳಿಸುತ್ತಿದ್ದಳು, ಪಾತ್ರೆ ತಿಕ್ಕಿ, ನೀರು ತುಂಬಿ, ರೊಟ್ಟಿ ಕೊಟ್ಟು ಬರಲು. ಸುಂದ್ರವ್ವ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ನಿಮ್ಮಪ್ಪ ಹೆಂಗದಾನ?"

"ಆರಾಮ ಅದಾರ್ರಿ."

"ಸಂತು ಏನರ ಅಂದಿದ್ರ ಮನಸಿಗಿ ಹಚಗೋಬ್ಯಾಡ ಅಂತ ಹೇಳು. ಕಣ್ಣು ಹೋದ್ರ ಮನಷಾ ಏನ ಮಾಡ್ಯಾನು. ಪಾಪ, ಹೇಳಬೇಕಿತ್ತು ನಮಗ." ಆಮೇಲೆ, "ನೀ ಎಷ್ಟು ಚೊಲೊ ತಿಕ್ಕತಿಯವ್ವ. ಇಂಥಾ ಮಗಳು ನನಗಿರಲಿಲ್ಲ," ಎಂದಳು.

ನಾನು ತಿಕ್ಕಿದ ತಟ್ಟೆಯನ್ನೇ ಮತ್ತೆ ತಿಕ್ಕಿದೆ.

ಎರಡನೆಯ ವಾರ ಯೂನುಸ ಭಾಯಿ ಮಾತಾಡುವ ಸ್ಪೀಕರೊಂದನ್ನು ತಂದು ಟಿವಿಯ ಪಕ್ಕ ಇಟ್ಟ. ಹೇಳಿದರೆ ಹಾಡು ಹಾಕುತ್ತದೆ, ಟೈಮು ಹೇಳುತ್ತದೆ. ಜಗಳಕ್ಕೆ ತಯಾರಾಗಿಯೇ ಬಂದಿದ್ದ.

"ಅಬ್ಬಾ, ಗೋಂದ್ ಸೇ ಬಂದ್ ಹೈ. ಏಕ್ ಭೀ ಸ್ಕ್ರೂ ನಹೀಂ," ಎಂದು ನಗಿಸಲು ನೋಡಿದ.

"ಇರಲಿ," ಎಂದರು ಅಬ್ಬಾ.

"ಮನೇಲಿ ಆಡೋ ಮಾತೆಲ್ಲಾ ಕೇಳ್ತದೆ ಇದು. ನೀವು ಹೇಳ್ತಿದ್ರಲ್ಲ, ಗೋಡೆಗೆ ಕಿವಿ ಅಂತ."

"ಇರಲಿ ಬಿಡು. ನಿಮಗ ಗೊತ್ತಿರ್ತದ."

ಭಾಯಿಯ ನಗು ಅಲ್ಲೇ ನಿಂತಿತು. ಅಂದು ಅಮ್ಮಿ ಖೀಮಾ ಮಾಡಿದ್ದಳು, ಉಪ್ಪು ಹಾಕಲು ಮರೆತಿದ್ದಳು. ಅಬ್ಬಾ ಒಂದು ಮಾತೂ ಆಡದೆ ಉಂಡು ಎದ್ದರು. ನಾವು ಬಾಯಿಗಿಟ್ಟಾಗ ತಿಳಿಯಿತು.

ಕೈತೊಳೆದು ಬಂದು ಅವರೇ ಹೇಳಿದರು: "ಯೂನುಸ, ಅಂಗಡಿ ನೀ ತಗೋ. ನಿನ್ನ ಮೊಬೈಲ್ ಕವರು ಇಡು. ಬೋರ್ಡು ಬದಲ ಮಾಡು."

"ಸಚ್ ಮೇ?"

"ಗಂಟು ಹಾಕೂದು ಮರೆಯೋ ಕೈಯಿಲೆ ಇನ್ನ ಯಾರ ಮನಿ ಸಾಮಾನೂ ಮುಟ್ಟೂದಿಲ್ಲ ನಾ."

ಭಾಯಿ ಎಷ್ಟೋ ದಿನದಿಂದ ಬಯಸಿದ್ದು ಅದನ್ನೇ. ಆದರೆ ಅವನು ಖುಷಿಯಾದ ಹಾಗೆ ಕಾಣಲಿಲ್ಲ. ಭಾನುವಾರ ಸಂಜೆ ಹೊಸ ಬೋರ್ಡು ಹಾಕುವುದೆಂದು ಆಯಿತು.

ಶನಿವಾರ ಮುಂಜಾನೆ ಅಮ್ಮಿ ಹಳೆ ವೈರಿನ ಡಬ್ಬಿಯನ್ನು ನನ್ನ ಮುಂದೆ ತಂದಿಟ್ಟಳು. "ಗುಜರಿ ಒಯ್ಯೂ ಭಂಗಾರದಾಂವ ಬರ್ತಾನ, ಖಾಲಿ ಮಾಡಿ ಕೊಡು." ನಾನು ಪೇಪರಿನ ಮೇಲೆ ಡಬ್ಬಿ ಬೋರಲು ಹಾಕಿದೆ. ಹುಡುಕಬೇಕಾಗಲಿಲ್ಲ. ಕೆಂಪು ತುಂಡು, ಬೆರಳಿನಷ್ಟು ಉದ್ದ, ನಡುವೆ ಗಂಟು. ಅಬ್ಬಾ ಹಾಕುವ ಗಂಟು ಎರಡು ಸುತ್ತಿನದು, ಬೇರೆ ಯಾರೂ ಹಾಗೆ ಹಾಕುವುದಿಲ್ಲ.

ಅಮ್ಮಿ ನನ್ನ ಕೈ ನೋಡಿದಳು. ಆಮೇಲೆ ಮುಖ ನೋಡಿದಳು.

"ಏನದು?"

ನಾನು ಎಲ್ಲ ಹೇಳಿದೆ, ಗಂಟು ಕಂಡಿದ್ದು, ಕತ್ತರಿಸಿದ್ದು, ಇಲ್ಲವೆಂದಿದ್ದು. ಅಮ್ಮಿ ಬಾಗಿಲು ಮುಂದೆ ಮಾಡಿದಳು.

"ಬಾಯಿ ಮುಚ್ಚು. ಕೊಡು ಇಲ್ಲಿ, ಒಗೀತೀನಿ."

"ಅಬ್ಬಾ ತಮ್ಮ ಕೈ ಕೆಟ್ಟೇತಿ ಅಂತ ತಿಳದಾರ."

"ತಿಳೀಲಿ. ಈಗ ಹೇಳಿದ್ರ ಏನಾಗತೈತಿ ಗೊತ್ತೈತೇನು? ಎಲ್ಲಾರ ಮುಂದ ಅವರು ನಾ ಮಾಡೀನಿ ಅಂದಾರ. ಎರಡು ವರ್ಷ ಮಗಳ ಕೈಲೆ ಮಾಡಿಸಿ ತನ್ನ ಹೆಸರು ಹೇಳ್ಯಾನ ಅಂತಾರ ಜನಾ. ಕುರುಡಾ ಅನಿಸಿಕೊಂಡಾರ, ಇನ್ನ ಸುಳ್ಳಾ ಅನಿಸಿಕೊಳ್ಳಲೇನು? ಮತ್ತ ನಿನ್ನ ಮದಿವಿಗೆ ಯಾರ ಕೇಳಾಕ ಬರ್ತಾರ? ಒಬ್ಬಾಕಿನ್ನ ಕೊಂದೇ ಬಿಡ್ತಿದ್ಲಂತ ಅಂತಾರ."

"ಅಂಗಡಿ ಹೋಗತೈತಿ ಅಮ್ಮಿ."

"ಅಂಗಡಿ ಕಣ್ಣು ಹೋದಾಗ ಹೋತು." ಅವಳು ಕೈ ಚಾಚಿದಳು. ನಾನು ಕೊಡಲಿಲ್ಲ. ತುಂಡನ್ನು ಕುರ್ತಾದ ಜೇಬಿನಲ್ಲಿಟ್ಟುಕೊಂಡು ಉಳಿದ ವೈರನ್ನು ಚೀಲಕ್ಕೆ ತುಂಬಿದೆ. ರಾತ್ರಿಯ ಅಡುಗೆಗೆ ಅಮ್ಮಿ ನನ್ನನ್ನು ಉಳ್ಳಾಗಡ್ಡಿ ಹೆಚ್ಚಲೂ ಕರೆಯಲಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತೆವು. ಭಾಯಿಯ ಬೋರ್ಡು ಗೋಡೆಗೆ ಒರಗಿತ್ತು, ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಜೋಳದ ರೊಟ್ಟಿ, ಅಲಸಂದಿ ಪಲ್ಯ, ಶೇಂಗಾ ಚಟ್ನಿ. ಅಮ್ಮಿ ಬಡಿಸುತ್ತ ನನ್ನ ಜೇಬಿನ ಕಡೆಗೇ ನೋಡುತ್ತಿದ್ದಳು.

ನಾನು ತುಂಡನ್ನು ತೆಗೆದು ಅಬ್ಬಾನ ತಟ್ಟೆಯ ಪಕ್ಕ, ಉಪ್ಪಿನ ಬಟ್ಟಲಿನ ಹತ್ತಿರ ಇಟ್ಟೆ. ಅವರಿಗೆ ಕಾಣಲಿಲ್ಲ. ಉಪ್ಪಿಗೆ ಕೈ ಹಾಕಿದಾಗ ಬೆರಳಿಗೆ ತಾಗಿತು. ಎತ್ತಿಕೊಂಡರು. ಹೆಬ್ಬೆರಳಿಂದ ಒಮ್ಮೆ ಉಜ್ಜಿದರು. ಗಂಟಿನ ಮೇಲೆ ಬೆರಳು ನಿಂತಿತು.

"ಎಲ್ಲಿತ್ತಿದು?"

"ಡಬ್ಬಿಯಾಗ. ಸುಂದ್ರವ್ವನ ಪೆಟಿಗೀದು ಅಬ್ಬಾ. ನಾನ ಕತ್ತರಿಸಿ ಒಗದಿದ್ದೆ."

"ಏನು?" ಎಂದ ಭಾಯಿ. ಅವನ ಕೈಯ ತುತ್ತು ಹಾಗೇ ಇತ್ತು.

ಅಬ್ಬಾ ಅವನ ಕಡೆ ನೋಡಲಿಲ್ಲ. "ಗಂಟು ನಿನಗ ಕಂಡಿತ್ತೇನು?"

"ಕಂಡಿತ್ತು."

"ಮತ್ತ ಕೆಂಪನ್ನ ಅಲ್ಲಿ ಹಾಕಂತ ಯಾರು ಹೇಳಿದ್ರು?"

"ಫೋನಿನಾಗ ನೋಡಿದ್ದೆ. ಎಲ್ಲಾ ಅದರಾಗ ನೋಡೇ ಮಾಡ್ತಿದ್ದೆ. ಎರಡು ವರ್ಷದಿಂದ."

ಅಮ್ಮಿ ರೊಟ್ಟಿಯ ಬುಟ್ಟಿಯನ್ನು ನೆಲಕ್ಕೆ ಇಟ್ಟಳು. "ಹುಡುಗಿ ಅಂಜಿ ಸುಳ್ಳ ಹೇಳ್ಯಾಳ, ಆಗಿದ್ದಾತು. ಈ ಮಾತು ಈ ಮನಿ ಬಿಟ್ಟು ಹೊರಗ ಹೋಗಬಾರದು. ಯೂನುಸ, ಕೇಳಿದ್ಯಾ?"

"ಮೈಂ ಕ್ಯಾ ಬೋಲೂಂಗಾ," ಎಂದ ಭಾಯಿ. ಆಮೇಲೆ ನನಗೆ, "ಆ ಫೋನ್ ಕೊಟ್ಟಿದ್ದು ನಾನೇ," ಎಂದ. ಅವನು ಬೋರ್ಡಿನ ಕಡೆ ನೋಡಿ ಮುಖ ತಿರುಗಿಸಿಕೊಂಡ.

ಅಬ್ಬಾ ನನ್ನನ್ನು ಬೈಯುತ್ತಾರೆಂದು ಕಾದೆ. ಫೋನಿನ ಬಗ್ಗೆ, ಗೋಂದಿನ ಬಗ್ಗೆ, ಬಿಳಿ ಮೇಜಿನ ಮನುಷ್ಯನ ಬಗ್ಗೆ ಅವರು ಇನ್ನು ಎದ್ದು ನಿಂತು ಮಾತಾಡುತ್ತಾರೆ, ಕೆಳಗಿನ ಮನೆಯವರಿಗೂ ಕೇಳಿಸುತ್ತದೆ ಎಂದುಕೊಂಡೆ. ಅವರು ಎರಡು ಸುತ್ತಿನ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು. ತಮ್ಮ ಬಲಗೈಯನ್ನು ಮಗುಚಿ ನೋಡಿದರು. ಆಮೇಲೆ ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಮುಖವನ್ನು ನನಗೆ ನೋಡಲಾಗಲಿಲ್ಲ.

ಎದುರಿನ ಚಾಳಿನಲ್ಲಿ ಸುಂದ್ರವ್ವನ ಬಾಗಿಲು ತೆರೆದಿತ್ತು. ಅವಳು ಎಡಗೈಯಿಂದ ಹಗ್ಗದ ಮೇಲಿನ ಒಂದು ಸೀರೆ ಎಳೆಯಲು ನೋಡುತ್ತಿದ್ದಳು.

"ಅಬ್ಬಾ," ಎಂದೆ. "ಆಕಿ ಮುಂದ ನಾನ ಹೇಳ್ತೀನಿ. ಒಬ್ಬಾಕಿಗೆ ಹೋಗಾಕ ಆಗೂದಿಲ್ಲ. ನೀವು ನನ್ನ ಜೋಡಿ ಬರ್ರಿ."

ಅಮ್ಮಿ ಅಬ್ಬಾನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಭಾಯಿ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟ. ಅಬ್ಬಾನ ಹೆಬ್ಬೆರಳು ಗಂಟಿನ ಮೇಲೇ ಇತ್ತು.

"ಬರ್ರಿ ಅಬ್ಬಾ," ಎಂದೆ.